ಮೂರು ದಿನ ತಡವಾಗಿ ಬಂದ ನಗು

ಆಫೀಸಿನ ಗೆಳೆಯನೊಬ್ಬ 'ಈ ಡೈರೆಕ್ಟರ್ ಸಖತ್ ಕಾಮಿಡಿ ಕಣೇ' ಅಂದಿದ್ದಕ್ಕೆ ಅಕಿ ಕೌರಿಸ್ಮಾಕಿಯ 'ದಿ ಮ್ಯಾನ್ ವಿತೌಟ್ ಎ ಪಾಸ್ಟ್' ಹಾಕ್ಕೊಂಡು ಕೂತೆ. ಫಿನ್ಲೆಂಡಿನ ಸಿನಿಮಾ, 2002ರದ್ದು. ಹೆಲ್ಸಿಂಕಿಗೆ ಬಂದಿಳಿದವನೊಬ್ಬನನ್ನು ಪುಂಡರು ಹೊಡೆದು ಹಾಕ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರು 'ಹೋದ' ಅಂತ ತೀರ್ಮಾನಿಸಿ ಹೊರಟುಬಿಡ್ತಾರೆ. ಸತ್ತವನು ಎದ್ದು, ಕನ್ನಡಿ ನೋಡಿ, ಸೊಟ್ಟಗಾದ ಮೂಗನ್ನು ತಾನೇ ಸರಿಮಾಡ್ಕೊಂಡು ನಡೆದುಹೋಗ್ತಾನೆ. ಅಷ್ಟೇ. ಯಾರೂ ಕಿರುಚಲ್ಲ, ಯಾರೂ ಹಲ್ಲು ಬಿಡಲ್ಲ. ಇದರಲ್ಲಿ ಕಾಮಿಡಿ ಎಲ್ಲಿದೆಯಪ್ಪಾ ಅಂತ ಅರ್ಧಕ್ಕೇ ಆಫ್ ಮಾಡಿ ಮಲಗಿದೆ.

ಮೂರನೇ ದಿನ ಮೆಟ್ರೋದಲ್ಲಿ ನೇತಾಡಿಕೊಂಡು ಹೋಗ್ತಿದ್ದಾಗ ಆ ಮೂಗು ನೆನಪಾಯ್ತು. ಕಿಸಕ್ಕನೆ ನಗು. ಪಕ್ಕದವರು ಸ್ವಲ್ಪ ಸರಿದು ನಿಂತರು.

ಆ ನಗುವಿನ ಹಿಂದೆಯೇ ಅಪ್ಪನೂ ನೆನಪಾದರು.

ಅಮ್ಮ ಹೋದಾಗ ಅಪ್ಪ ಅಳಲಿಲ್ಲ. ಬಂದವರಿಗೆಲ್ಲ ಚಪ್ಪಲಿ ಎಲ್ಲಿ ಬಿಡಬೇಕು ಅಂತ ತೋರಿಸ್ತಾ ನಿಂತಿದ್ದರು. ಎರಡು ವರ್ಷದಿಂದ ನನ್ನೊಳಗೆ ಅದೊಂದು ಮುಳ್ಳು. ಈಗ ಸಾಗರದ ಮನೆಯಲ್ಲಿ ಒಬ್ಬರೇ. ಒಮ್ಮೆ ಫೋನಿನಲ್ಲಿ ಊಟದ ಬಗ್ಗೆ ಕೇಳಿದ್ದಕ್ಕೆ, 'ಅಡುಗೆಯವನು ಸುಮಾರು. ಬಿಡಿಸೋಣ ಅಂದ್ರೆ ಮನೆ ಓನರ್ರೂ ಅವನೇ' ಅಂದಿದ್ದರು. ನಾನೋ ಗಂಭೀರವಾಗಿ, 'ಅಡುಗೆಯವರು ಯಾವಾಗ ಸೇರಿದ್ರು? ಎಷ್ಟು ಸಂಬಳ?' ಅಂತ ವಿಚಾರಿಸಿದ್ದೆ! ಅವರು ತಿದ್ದಲೂ ಇಲ್ಲ. 'ಸಂಬಳದ ಮಾತಾಗಿಲ್ಲ' ಅಂದು ಫೋನಿಟ್ಟರು. ಎಷ್ಟು ವರ್ಷದಿಂದ ಹೀಗೆ ಅಪ್ಪನ ಜೋಕುಗಳೆಲ್ಲ ನನ್ನ ತಲೆ ಮೇಲಿಂದ ಹಾರಿಹೋಗಿವೆಯೋ.

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅದೇ ನಿರ್ದೇಶಕನ 2023ರ 'ಫಾಲನ್ ಲೀವ್ಸ್' ಹಾಕಿದೆ. ಸಬ್‌ಟೈಟಲ್ ಓದಲು ಅಪ್ಪ ಕನ್ನಡಕ ಬದಲಾಯಿಸಿಕೊಂಡರು. ಅನ್ಸಾ ಅನ್ನುವ ಒಂಟಿ ಹೆಂಗಸು. ಅವಳ ನಂಬರ್ ಬರೆದ ಚೀಟಿಯನ್ನು ಅವನು ಜೇಬಿನಿಂದ ಬೀಳಿಸಿಕೊಳ್ತಾನೆ. ಹೇಗೋ ಮತ್ತೆ ಸಿಕ್ಕಾಗ ಅವಳು ಮನೆಗೆ ಊಟಕ್ಕೆ ಕರೀತಾಳೆ. ಆದರೆ ಅವಳ ಹತ್ರ ಇರೋದು ಒಂದೇ ತಟ್ಟೆ. ಅಂಗಡಿಗೆ ಹೋಗಿ ಇನ್ನೊಂದು ತರ್ತಾಳೆ. ಅವನ ಕುಡಿತದ ಮಾತು ಬಂದು ಜಗಳ, ಅವನು ಎದ್ದು ಹೊರಡ್ತಾನೆ. ಅವಳು ಆ ಹೊಸ ತಟ್ಟೆಯನ್ನು ಕಸಕ್ಕೆ ಹಾಕ್ತಾಳೆ. ಕಣ್ಣೀರಿಲ್ಲ, ಡೈಲಾಗಿಲ್ಲ. ನಾನು ನಕ್ಕೆ, ಆಮೇಲೆ ಗಂಟಲು ಕಟ್ಟಿತು. ಪಕ್ಕಕ್ಕೆ ತಿರುಗಿದರೆ ಅಪ್ಪನ ಮುಖ ಥೇಟ್ ಅನ್ಸಾಳ ಮುಖ. ಏನೂ ಇಲ್ಲ ಅದರಲ್ಲಿ. ನೋಡೋಕೆ ಗೊತ್ತಿದ್ದರೆ ಎಲ್ಲವೂ ಇದೆ.

'ಒಳ್ಳೇ ತಟ್ಟೆ. ದಂಡ ಮಾಡಿದಳು' ಅಂದರು.

ಬೆಳಗ್ಗೆ ದೋಸೆ ಹಾಕಿ ಕೊಟ್ಟರು. ಅಂಚು ನೆಗ್ಗಿದ ಅಮ್ಮನ ಸ್ಟೀಲ್ ತಟ್ಟೆ. ಎರಡು ವರ್ಷ ಯಾರೂ ಉಣ್ಣದಿದ್ದರೂ ಫಳಫಳ ಅಂತಿತ್ತು.

'ನಾನು ಎಸೆದಿಲ್ಲ ನೋಡು' ಅಂದರು, ಬೆನ್ನು ತಿರುಗಿಸಿ ಕಾವಲಿಗೆ ಎಣ್ಣೆ ಸವರುತ್ತಾ.

ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು. 'ಈ ಅಡುಗೆಯವನನ್ನ ಬಿಡಿಸಿಬಿಡಿ ಅಪ್ಪಾ' ಅಂದೆ, ನಗದೆ.

'ಓನರ್ ಹತ್ರ ಮಾತಾಡ್ತೀನಿ' ಅಂದರು.