ವಿಶ್ವನಾಥರ ಮೊದಲ ವರುಷ

ತೆಂಗಿನ ಸಸಿ ಮೊದಲ ಹೊಂಬಾಳೆಯನ್ನು ಬಿಟ್ಟಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯ ತೋಟದವರು ಹಿಗ್ಗುವರೇ ಹೊರತು ಕಾಯಿಯ ಲೆಕ್ಕಕ್ಕೆ ಕೂರುವುದಿಲ್ಲ. ಮೊದಲ ಗೊನೆಯ ಹರಳು ಬಹುಮಟ್ಟಿಗೆ ಉದುರಿಹೋಗುವುದುಂಟೆಂಬುದನ್ನು ಅವರು ಬಲ್ಲರು. ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆಯ ಜಲಾಶಯವು ಒಂದು ವರ್ಷ ತುಂಬಿತೆಂದು ಮರುವರ್ಷದ ನೀರನ್ನು ನಂಬಿ ಕೂರುವ ಬೇಸಾಯಗಾರನೂ ಆ ಸೀಮೆಯಲ್ಲಿ ಇಲ್ಲ. ಇಷ್ಟು ವಿವೇಕಿಗಳಾದ ಜನರು ಕ್ರಿಕೆಟ್ಟಿನ ಮಾತು ಬಂದೊಡನೆ, ಒಂದು ವರ್ಷದ ಫಲವನ್ನು ಹಿಡಿದು ಆಟಗಾರನ ಜಾತಕವನ್ನೇ ಬರೆದುಬಿಡುವುದು ವಿಚಿತ್ರವಲ್ಲವೆ?

ಗುಂಡಪ್ಪ ವಿಶ್ವನಾಥರು 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದರು. ಆಳು ಗಿಡ್ಡು, ಐದಡಿಯನ್ನು ಎರಡು ಮೂರು ಅಂಗುಲ ಮೀರಿದ್ದರೆ ಹೆಚ್ಚು. 1967ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಮೈಸೂರಿನ ಪರವಾಗಿ ಆಂಧ್ರದೆದುರು ಆಡಿದ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ 230 ರನ್ನು ಹೊಡೆದರು. ಎರಡು ವರ್ಷ ಕಳೆದು, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದವರ ಎದುರು ಮೊದಲ ಟೆಸ್ಟ್ ಪಂದ್ಯ. ಮೊದಲ ಸರದಿಯಲ್ಲಿ ಬಂದದ್ದು ಸೊನ್ನೆ.

ಆ ಸೊನ್ನೆಯ ಭಾರವನ್ನು ಊಹಿಸಿಕೊಳ್ಳಬೇಕು. ಇಪ್ಪತ್ತು ವರ್ಷದ ಹುಡುಗ. ಸ್ಥಾನಕ್ಕಾಗಿ ಕಾದು ನಿಂತವರು ಹಲವರು. ಎರಡನೆಯ ಸರದಿಯೂ ಹಾಗೆಯೇ ಕಳೆದರೆ ಮತ್ತೊಮ್ಮೆ ಕರೆ ಬಂದೀತೆಂಬ ಭರವಸೆಯಿಲ್ಲ. ನಾಯಕರಾಗಿದ್ದ ಪಟೌಡಿಯವರು, ಚಿಂತಿಸಬೇಡ, ನೀನು ನೂರು ಹೊಡೆಯುವೆ ಎಂದು ಧೈರ್ಯ ಹೇಳಿದರೆಂದು ವಿಶ್ವನಾಥರೇ ಮುಂದೆ ನೆನೆದಿದ್ದಾರೆ. ಇಂಥ ಮಾತುಗಳನ್ನು ಹಿರಿಯರು ಆಡುವುದು ವಾಡಿಕೆ, ಅವು ಫಲಿಸುವುದು ಅಪರೂಪ. ಈ ಸಲ ಫಲಿಸಿತು. ಎರಡನೆಯ ಸರದಿಯಲ್ಲಿ ಬಂದದ್ದು 137. ಅದರಲ್ಲಿ ಇಪ್ಪತ್ತೈದು ಬೌಂಡರಿಗಳು. ಎಂದರೆ, ಓಡದೆ ಗಳಿಸಿದ್ದೇ ನೂರು! ಮೆಕೆಂಜಿ, ಕನಾಲಿಯರಂಥ ವೇಗಿಗಳು ಎಸೆದ ಚೆಂಡನ್ನು ಆ ಗಿಡ್ಡ ದೇಹವು ಮಣಿಕಟ್ಟಿನ ಒಂದು ತಿರುವಿನಿಂದ ಚೌಕವಾಗಿ ಕತ್ತರಿಸಿ ಗೆರೆಗೆ ಅಟ್ಟುತ್ತಿದ್ದಿತು. ಬಲಕ್ಕಿಂತ ಕಾಲಜ್ಞಾನವೇ ಅಲ್ಲಿ ಕೆಲಸ ಮಾಡಿತೆನ್ನಬೇಕು. ಪಂದ್ಯವು ಸಮವಾಯಿತು.

ಆದರೆ ಆ ವರುಷದ ನಿಜವಾದ ಸತ್ತ್ವವು ನೂರರಲ್ಲಿ ಮಾತ್ರವಿರಲಿಲ್ಲ. ಮುಂದಿನ ದಿಲ್ಲಿಯ ಪಂದ್ಯದಲ್ಲಿ ಬೇಡಿಯವರೂ ಮೈಸೂರಿನವರೇ ಆದ ಪ್ರಸನ್ನರೂ ಐದೈದು ವಿಕೆಟ್ಟು ಕಿತ್ತು ಆಸ್ಟ್ರೇಲಿಯವನ್ನು 107ಕ್ಕೆ ಕೆಡವಿದ ಮೇಲೆ, ಗೆಲ್ಲಲು 181 ಬೇಕಾಯಿತು. ವಾಡೇಕರರು 91, ವಿಶ್ವನಾಥರು 44 ಹೊಡೆದು, ಇಬ್ಬರೂ ಔಟಾಗದೆ ಗೆಲವಿನೊಡನೆ ಹಿಂದಿರುಗಿದರು. ಸರಣಿಯನ್ನು ಆಸ್ಟ್ರೇಲಿಯದವರು ಮೂರಕ್ಕೆ ಒಂದರಂತೆ ಗೆದ್ದುದು ನಿಜ. ಸೋತ ಕಲಕತ್ತೆಯಲ್ಲಿ 54, ಸೋತ ಮದರಾಸಿನಲ್ಲಿ 59. ನಾಲ್ಕು ಪಂದ್ಯಗಳಲ್ಲಿ ಒಟ್ಟು 334 ರನ್ನು. ಸೋಲುವ ಪಕ್ಷದಲ್ಲಿ ನಿಂತು ಆಡಿದ ಈ ಎರಡು ಅರ್ಧಶತಕಗಳೇ ಕಾನ್ಪುರದ ನೂರಕ್ಕಿಂತ ಹೆಚ್ಚಿನ ಸಾಕ್ಷಿಯೆಂದು ತೋರುತ್ತದೆ.

ಅಷ್ಟಾದರೂ ಶಂಕೆ ಹಿಂಗಲಿಲ್ಲ. ಮೊದಲ ಟೆಸ್ಟಿನಲ್ಲಿಯೇ ನೂರು ಹೊಡೆದ ಭಾರತೀಯರು ಅವರಿಗೆ ಮುನ್ನ ಐವರಿದ್ದರು: ಅಮರನಾಥ, ಶೋಧನ್, ಕೃಪಾಲ್ ಸಿಂಗ್, ಬೇಗ್, ಹನುಮಂತ್ ಸಿಂಗ್. ಅವರಲ್ಲಿ ಒಬ್ಬರಿಗೂ ಎರಡನೆಯ ಶತಕ ಒದಗಲಿಲ್ಲ. ಇದನ್ನು ಅಪಶಕುನವೆಂದು ಎಣಿಸಿದವರು ಉಂಟು. ಮೂರು ವರ್ಷಕ್ಕೂ ಮೀರಿದ ಕಾಲ ವಿಶ್ವನಾಥರಿಗೂ ನೂರು ಬಾರದೆ ಹೋದಾಗ ಅಂಥವರ ದನಿ ಏರಿರಬೇಕು.

1973ರ ಫೆಬ್ರವರಿಯಲ್ಲಿ, ಮುಂಬಯಿಯಲ್ಲಿ, ಇಂಗ್ಲೆಂಡಿನ ಎದುರು ಆ ಎರಡನೆಯ ಶತಕ ಬಂದಿತು. ಅವರ ಒಟ್ಟು ಹದಿನಾಲ್ಕರಲ್ಲಿ ಅದು ಎರಡನೆಯದು. ನೂರು ತುಂಬಿದಾಗ ಎದುರಾಳಿ ಪಕ್ಷದ ಟೋನಿ ಗ್ರೇಗ್, ಆರಡಿ ಆರಂಗುಲದ ಆ ದೈತ್ಯ, ಹತ್ತಿರ ಬಂದು ವಿಶ್ವನಾಥರನ್ನು ಕೂಸಿನಂತೆ ತೋಳಿನಲ್ಲಿ ಎತ್ತಿ ತೂಗಿದನು.