ಹೊಳೆಯಾಚೆಯ ದಡ

ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಅಂಗಳದಲ್ಲಿ ನಮ್ಮ ಮಕ್ಕಳಿಗೆ ಕತೆ ಹೇಳುತ್ತಿದ್ದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟದ್ದು, 1792ರಲ್ಲಿ ಇಲ್ಲಿ ಚರ್ಚು ನೆಲೆಗೊಂಡದ್ದು ಇತ್ಯಾದಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಜಾಗ ಕೊಟ್ಟ ರಾಜನ ಮಾತನ್ನು ಸಿಸ್ಟರ್‌ಗಳು ಮೀರೋ ಹಾಗಿರಲಿಲ್ಲ, ಅಲ್ವಾ ಸಾರ್?"

ನಾನು ವಿಜ್ಞಾನದ ಮೇಷ್ಟ್ರು. ನನಗೆ ನೆನಪಾದದ್ದು ಪ್ಯಾಸ್ಕಲ್. ಒತ್ತಡದ ಮಾನಕ್ಕೆ ಹೆಸರು ಕೊಟ್ಟ ಆ ಫ್ರೆಂಚ್ ವಿಜ್ಞಾನಿಯ ತಂಗಿ ಜಾಕ್ಲೀನ್, ಅಣ್ಣ ಬೇಡವೆಂದರೂ ಕೇಳದೆ 1652ರಲ್ಲಿ ಪೋರ್ಟ್ ರಾಯಲ್ ಎಂಬ ಮಠ ಸೇರಿದವಳು. ಬಿಷಪ್ ಜಾನ್ಸೆನ್ ಬರೆದ ಲ್ಯಾಟಿನ್ ಗ್ರಂಥವೊಂದರಲ್ಲಿ ಐದು ತಪ್ಪು ಮಾತುಗಳಿವೆ ಎಂದು ಖಂಡಿಸುವ ಪತ್ರಕ್ಕೆ ಸಹಿ ಹಾಕಬೇಕೆಂದು ದೊರೆ ಹದಿನಾಲ್ಕನೆಯ ಲೂಯಿ ಮತ್ತು ಚರ್ಚಿನ ಹಿರಿಯರು ಒತ್ತಾಯಿಸಿದರು. ನಾವು ಓದದ ಪುಸ್ತಕದಲ್ಲಿ ಏನಿದೆ ಎಂದು ಹೇಗೆ ಸಹಿ ಹಾಕುವುದು ಎಂಬುದು ಸನ್ಯಾಸಿನಿಯರ ತಕರಾರು. ಪ್ರಯೋಗ ಮಾಡದೆಯೇ ರೆಕಾರ್ಡ್ ಪುಸ್ತಕದಲ್ಲಿ ರೀಡಿಂಗ್ ತುಂಬುವ ನಮ್ಮ ಶಿಷ್ಯರು ಈ ತಕರಾರನ್ನು ಸ್ವಲ್ಪ ಗಮನಿಸಬೇಕು! ಜಾಕ್ಲೀನ್ ಕೊನೆಗೆ ನೊಂದುಕೊಂಡೇ ಸಹಿ ಹಾಕಿ, 1661ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಉಳಿದವರಲ್ಲಿ ಅನೇಕರು ಬಗ್ಗಲಿಲ್ಲ. 1709ರಲ್ಲಿ, ಉಳಿದಿದ್ದ ಇಪ್ಪತ್ತೆರಡು ವೃದ್ಧೆಯರನ್ನು ಹೊರಹಾಕಿ, ಆಮೇಲೆ ಮಠವನ್ನೇ ಕೆಡವಿಸಿದರು.

"ನಮ್ಮ ಕೊಡಗಲ್ಲಿ ಅಂಥವರು ಯಾರೂ ಇರಲಿಲ್ವಾ?" ಎಂದಳು ಹುಡುಗಿ.

ಇದ್ದರು. ಸನ್ಯಾಸಿನಿಯರಲ್ಲ, ಅರಮನೆಯ ಹೆಣ್ಣುಮಕ್ಕಳು. ಮಡಿಕೇರಿಯ ಗದ್ದುಗೆಯ ಗುಮ್ಮಟಗಳ ಕೆಳಗೆ ನಿಂತು ಆ ಕತೆ ಹೇಳಿದೆ. ದೊಡ್ಡ ವೀರರಾಜನಿಗೆ ಗಂಡು ಸಂತಾನವಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿಗೇ ಪಟ್ಟ ಎಂದು ಗೊತ್ತುಮಾಡಿದ. 1809ರಲ್ಲಿ ಅವನು ತೀರಿಕೊಂಡ ಮೇಲೆ ಹುಡುಗಿ ಪಟ್ಟಕ್ಕೆ ಬಂದಳು. ಎರಡೇ ವರ್ಷ. ಚಿಕ್ಕಪ್ಪ ಲಿಂಗರಾಜ 1811ರಲ್ಲಿ ರಾಜ್ಯವನ್ನು ತನ್ನದು ಮಾಡಿಕೊಂಡ. ಅವನ ಗದ್ದುಗೆಯೂ ಇಲ್ಲೇ ಇದೆ. ಪಟ್ಟ ಕಳೆದುಕೊಂಡವಳ ಹೆಸರನ್ನು ಪ್ರವಾಸಿಗರು ಕೇಳುವುದು ಅಪರೂಪ.

ಇನ್ನೊಬ್ಬಳ ಹೆಸರೂ ದೇವಮ್ಮಾಜಿಯೇ. ಇಬ್ಬರನ್ನೂ ಒಬ್ಬಳೆಂದು ತಿಳಿದು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳಬೇಡಿ. ಈಕೆ ಲಿಂಗರಾಜನ ಮಗಳು, 1820ರಲ್ಲಿ ಪಟ್ಟಕ್ಕೆ ಬಂದ ಚಿಕ್ಕವೀರರಾಜನ ತಂಗಿ, ಚೆನ್ನಬಸಪ್ಪನ ಹೆಂಡತಿ. ಅಣ್ಣನ ಕಾಟ ತಾಳಲಾರದೆ 1832ರಲ್ಲಿ ಗಂಡನೊಂದಿಗೆ ಗಡಿ ದಾಟಿ ಮೈಸೂರು ಸೀಮೆಗೆ ಹೋಗಿ, ಬ್ರಿಟಿಷ್ ರೆಸಿಡೆಂಟನ ಆಶ್ರಯ ಬೇಡಿದಳು. ತಿರುಗಿ ಕಳಿಸಿ ಎಂದು ಅಣ್ಣ ಪಟ್ಟುಹಿಡಿದ, ಇಂಗ್ಲಿಷರು ಕಳಿಸಲಿಲ್ಲ. ಕರುಣೆಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಆ ಜಗಳವೂ ಸೇರಿ 1834ರ ಏಪ್ರಿಲ್‌ನಲ್ಲಿ ಯುದ್ಧವಾಯಿತು, ಕೊಡಗು ಕಂಪೆನಿಯ ಪಾಲಾಯಿತು. ತಂಗಿ ರಾಜ್ಯ ಕಳೆದಳು ಎಂದು ದೂರುವವರನ್ನು ಕೇಳಿದ್ದೇನೆ. ಮನೆಯಲ್ಲಿ ಜೀವಭಯವಿರುವಾಗ ಹೆಣ್ಣುಮಗಳು ಇನ್ನೆಲ್ಲಿಗೆ ಹೋಗಬೇಕಿತ್ತು ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಸಂಜೆ ಕುಶಾಲನಗರದ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಕಾವೇರಿಯನ್ನು ತೋರಿಸಿದೆ. ಆಗ ಗಡಿ ಇದೇ, ಇಂದಿಗೂ ಎರಡು ಜಿಲ್ಲೆಗಳ ನಡುವೆ ಇದೇ. ಆಚೆ ಬೈಲುಕುಪ್ಪೆ, 1960ರ ದಶಕದಲ್ಲಿ ಟಿಬೆಟಿನಿಂದ ಓಡಿಬಂದವರಿಗೂ ನೆಲೆ ಸಿಕ್ಕಿದ ಊರು. ಅಲ್ಲಿ ಕೆಂಪು ನಿಲುವಂಗಿಯ ಮೂವರು ಸನ್ಯಾಸಿನಿಯರು ಕೈಯಲ್ಲಿ ಪುಸ್ತಕ ಹಿಡಿದು ಬಸ್ಸು ಹತ್ತಿದರು. ಪ್ರಶ್ನೆ ಕೇಳಿದ್ದ ಹುಡುಗಿ ಎದ್ದು ಒಬ್ಬರಿಗೆ ತನ್ನ ಸೀಟು ಬಿಟ್ಟುಕೊಟ್ಟಳು.