ಭೂತ ಯಾವ ಭಾಷೆಯಲ್ಲಿ ಮಾತನಾಡಬೇಕು?

ಮಿಜಾರಿನವರಿಗೆ ಭೂತದ ಭಯವಿಲ್ಲವೆಂದರೆ ಹೊರಗಿನವರು ನಂಬಲಿಕ್ಕಿಲ್ಲ. ಆದರೆ ಸಂಗತಿ ಹಾಗೆಯೇ ಉಂಟು. ತುಳುನಾಡಿನಲ್ಲಿ ಭೂತವೆಂದರೆ ದೈವ. ಪಂಜುರ್ಲಿ, ಜುಮಾದಿ, ಕೊಡಮಣಿತ್ತಾಯ ಮೊದಲಾದವರು ನೇಮದ ದಿನ ಬಂದು, ಗದ್ದೆಯಂಚಿನ ತಕರಾರನ್ನೂ ಅಣ್ಣತಮ್ಮಂದಿರ ಮುನಿಸನ್ನೂ ವಿಚಾರಿಸಿ, ಅಭಯದ ನುಡಿ ಕೊಟ್ಟು ಹೋಗುವ ಹಿರಿಯರು. ಅವರ ಎದುರು ಅಂಜಿಕೆ ಇಲ್ಲವೆಂದಲ್ಲ. ಯಜಮಾನರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರಲು ಎಷ್ಟು ಅಂಜಿಕೆಯೋ ಅಷ್ಟು. ಇನ್ನು ಸತ್ತವರ ಪ್ರೇತಕ್ಕೆ ತುಳುವಿನಲ್ಲಿ ಕುಲೆ ಎನ್ನುತ್ತಾರೆ. ಅದಕ್ಕೂ ನಮ್ಮಲ್ಲಿ ವ್ಯವಸ್ಥೆಯುಂಟು. ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ತೀರಿಹೋದವರಿಗೆ, ಹಾಗೆಯೇ ತೀರಿಹೋದ ಬೇರೆ ಮನೆಯ ಕುಲೆಯನ್ನು ಹುಡುಕಿ, ಎರಡು ಕಡೆಯ ನೆಂಟರೂ ಕೂಡಿ ಮದುವೆಯನ್ನೂ ಮಾಡಿಸುತ್ತಾರೆ. ಸತ್ತವರನ್ನು ಹೀಗೆ ಸಂಸಾರದೊಳಗೇ ಇಟ್ಟುಕೊಂಡ ಜನರನ್ನು ಪರದೆಯ ಮೇಲಿನ ಬಿಳಿಸೀರೆಯಿಂದ ಹೆದರಿಸುವುದು ಸುಲಭವಲ್ಲ.

ಇಂಥ ಊರಿನಲ್ಲಿ ಹುಟ್ಟಿದ ನನಗೆ ಎರಡು ಚಟಗಳು ಹತ್ತಿಕೊಂಡಿವೆ. ಇಂಗ್ಲಿಷರ ಹಳೆಯ ಕಾಮಿಕ್ಸು ಪುಸ್ತಕಗಳನ್ನು ಓದುವುದು ಒಂದು; ಪ್ರೇತದ ಸಿನೆಮಾಗಳನ್ನು, ಅದರಲ್ಲಿಯೂ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದ ರೀಮೇಕುಗಳನ್ನು, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವುದು ಇನ್ನೊಂದು. ಪದವಿ ಓದುವವರಿಗೆ ಇವೆರಡೂ ತಕ್ಕುವಲ್ಲವೆಂದು ಹೇಳುವವರಿದ್ದಾರೆ. ರೀಮೇಕು ಎಂದರೆ ಕಳ್ಳಮಾಲು ಎಂಬುದು ಅವರ ಮುಖ್ಯ ಆಕ್ಷೇಪ. ಆ ಒಂದು ಮಾತಿಗೆ ನನ್ನ ಉತ್ತರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲನೆಯದಾಗಿ, ಆಟ ನೋಡಿ ಬೆಳೆದವನಿಗೆ ಈ ಆಕ್ಷೇಪವೇ ವಿಚಿತ್ರವಾಗಿ ತೋರುತ್ತದೆ. ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಹೆಸರಿನಿಂದ ನಮ್ಮ ಊರಿನ ಹೆಸರೂ ಯಕ್ಷಗಾನ ಪ್ರಿಯರಿಗೆ ಪರಿಚಿತ. ಕಟೀಲು ಮೇಳದ ‘ದೇವಿ ಮಹಾತ್ಮೆ’ಯ ಕಥೆ ತಿಳಿಯದವರು ನಮ್ಮಲ್ಲಿ ಯಾರಿದ್ದಾರೆ? ಆದರೂ ಬೆಳಗಿನ ತನಕ ಆಟವಾಗುತ್ತಿದ್ದ ಕಾಲದಲ್ಲಿ, ಚಾಪೆಯ ಮೇಲೆ ಮಲಗಿದ್ದ ಮಕ್ಕಳನ್ನು “ಏಳು, ಮಹಿಷಾಸುರ ಬರುವ ಹೊತ್ತಾಯಿತು” ಎಂದು ಎಬ್ಬಿಸಿ ಕೂರಿಸುತ್ತಿದ್ದರು. ಅವನು ರಂಗಸ್ಥಳದ ಹಿಂದಿನಿಂದ ಬರುವವನಲ್ಲ. ದೊಂದಿಯ ಬೆಳಕಿನಲ್ಲಿ, ರಾಳದ ಹುಡಿ ಭಗ್ಗೆಂದು ಉರಿಯುತ್ತಿರಲು, ಕೋಡು ಅಲ್ಲಾಡಿಸುತ್ತಾ ಪ್ರೇಕ್ಷಕರ ನಡುವಿನಿಂದಲೇ ನುಗ್ಗುತ್ತಾನೆ. ಬರುತ್ತಾನೆಂದು ಗೊತ್ತು, ಯಾವ ಕಡೆಯಿಂದ ಎಂದು ಗೊತ್ತು, ವೇಷದ ಒಳಗೆ ಯಾರೆಂಬುದೂ ಗೊತ್ತು. ಆದರೂ ಮೈ ನಡುಗುತ್ತದೆ. ಅದೇ ಕಥೆಯನ್ನು ನೂರನೆಯ ಸಲ ಮಾಡುವವನು ಇವತ್ತು ಏನು ತಂದ ಎಂಬುದನ್ನು ಕೇಳುವ ಜನ ನಾವು. ರೀಮೇಕಿಗೂ ನಾನು ಅದೇ ಪ್ರಶ್ನೆಯನ್ನು ಕೇಳುತ್ತೇನೆ.

ಇಂಗ್ಲಿಷರ ಕಾಮಿಕ್ಸಿನ ವಿಷಯಕ್ಕೆ ಬರುತ್ತೇನೆ. ಮಂಗಳೂರಿನ ಹಳೆಪುಸ್ತಕದಂಗಡಿಯೊಂದರಲ್ಲಿ ‘ಈಗಲ್’ ಪತ್ರಿಕೆಯ ವಾರ್ಷಿಕವೊಂದು, ಬೆನ್ನು ಹರಿದದ್ದು, ನನಗೆ ಸಿಕ್ಕಿತು. ಈ ಪತ್ರಿಕೆಯನ್ನು 1950ರಲ್ಲಿ ಆರಂಭಿಸಿದವರು ಮಾರ್ಕಸ್ ಮಾರಿಸ್ ಎಂಬ ಪಾದ್ರಿ. ಅಮೆರಿಕದಿಂದ ಬರುತ್ತಿದ್ದ ಭಯಾನಕ ಕಾಮಿಕ್ಸುಗಳನ್ನು ಕಂಡು ಅವರಿಗೆ ಕಳವಳವಾಯಿತು. ಬೈಯುತ್ತಾ ಕೂರದೆ, ಅದೇ ಸಾಧನವನ್ನು ಕೈಗೆತ್ತಿಕೊಂಡು ತಮ್ಮ ಮಕ್ಕಳಿಗೆ ಬೇಕಾದುದನ್ನು ಅದರಲ್ಲಿ ತುಂಬಿದರು. ಮುಖಪುಟದಲ್ಲಿ ಫ್ರಾಂಕ್ ಹ್ಯಾಂಪ್‌ಸನ್ ಬರೆದ ಬಾಹ್ಯಾಕಾಶದ ವೀರ ಡ್ಯಾನ್ ಡೇರ್; ಒಳಗೆ ರೈಲು ಎಂಜಿನನ್ನೋ ಹಡಗನ್ನೋ ಸೀಳಿ ಒಳಗಿನ ಯಂತ್ರಗಳನ್ನು ತೋರಿಸುವ ಚಿತ್ರ. ಡ್ಯಾನ್ ಡೇರನ ಶತ್ರು ಮೆಕಾನ್, ಹಸಿರು ಮೈ, ಕುಂಬಳಕಾಯಿಯಂಥ ತಲೆ, ಸಣ್ಣ ಕೈಕಾಲುಗಳವನು, ಇಂದಿಗೂ ನನಗೆ ಪ್ರಿಯ. ವೀರನ ಗದ್ದ ಮಾತ್ರ ಅತಿಯಾಯಿತೆಂದು ನನ್ನ ಅಭಿಪ್ರಾಯ.

ಈಗಲ್ ಓದುವಾಗಲೆಲ್ಲ ನನಗೆ ನೆನಪಾಗುವವರು ನಮ್ಮ ಪಕ್ಕದ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ. ಪರದೇಶದ ವೀರರನ್ನು ಹೊತ್ತು ತರುತ್ತಿದ್ದ ಇಂದ್ರಜಾಲ ಕಾಮಿಕ್ಸಿನಲ್ಲಿ ಕೆಲಸ ಮಾಡಿದವರು ಅವರು. ದೆಹಲಿಯ ಟೆಲಿವಿಷನ್ನಿನ ಒಂದು ರಸಪ್ರಶ್ನೆಯಲ್ಲಿ ಗ್ರೀಕರ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಬಾರದಿದ್ದುದನ್ನು ಕಂಡು ಅವರು 1967ರಲ್ಲಿ ಅಮರ ಚಿತ್ರ ಕಥೆಗೆ ಕೈಹಾಕಿದ ಸಂಗತಿ ಎಲ್ಲರಿಗೂ ಗೊತ್ತಿದೆ. ಆದರೆ ಅವರ ‘ಕೃಷ್ಣ’ಕ್ಕೆ ಹನ್ನೊಂದೆಂಬ ಸಂಖ್ಯೆ ಏಕೆ ಬಂತೆಂದು ಕೇಳುವವರು ಕಡಿಮೆ. ಅದಕ್ಕಿಂತ ಮೊದಲಿನ ಹತ್ತು ಪುಸ್ತಕಗಳು ಕನ್ನಡದವು, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಹೊರಟ ಪಾಶ್ಚಾತ್ಯ ಕಿನ್ನರಕಥೆಗಳು! ಸಿಂಡರೆಲ್ಲಾ ಕನ್ನಡ ಮಾತನಾಡಿದ ಮೇಲೆಯೇ ಕೃಷ್ಣ ಇಂಗ್ಲಿಷ್ ಮಾತನಾಡಿದ. ಪಾದ್ರಿಯೂ ಪೈಯವರೂ ಮಾಡಿದ್ದು ಒಂದೇ ಕೆಲಸ. ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ: ಅಮರ ಚಿತ್ರ ಕಥೆಯ ರಾಕ್ಷಸರಿಗೆ ಮೀಸೆ ದೊಡ್ಡದು, ಭಯ ಸಣ್ಣದು. ಮಹಿಷಾಸುರನನ್ನು ದೊಂದಿಯ ಬೆಳಕಿನಲ್ಲಿ ಕಂಡವನಿಗೆ ಅವರು ಸಾಲುವುದಿಲ್ಲ.

ಇಂಗ್ಲೆಂಡಿನಲ್ಲಿ ಮುಂದೆ ನಡೆದದ್ದು ತಮಾಷೆಯಾಗಿದೆ. 1955ರಲ್ಲಿ ಅಲ್ಲಿನ ಪಾರ್ಲಿಮೆಂಟು ಮಕ್ಕಳಿಗೆ ಹಾನಿಕರವಾದ ಭಯಾನಕ ಕಾಮಿಕ್ಸುಗಳನ್ನು ತಡೆಯಲು ಕಾಯಿದೆ ಮಾಡಿತು. ಎರಡೇ ವರ್ಷಗಳಲ್ಲಿ ಅದೇ ದೇಶದ ಹ್ಯಾಮರ್ ಕಂಪೆನಿ ಫ್ರಾಂಕನ್‌ಸ್ಟೈನನನ್ನೂ, 1958ರಲ್ಲಿ ಡ್ರಾಕುಲನನ್ನೂ ಬಣ್ಣದಲ್ಲಿ ತೆರೆಗೆ ತಂದಿತು. ಕಾಗದದಿಂದ ಓಡಿಸಿದ ಪ್ರೇತ ಪರದೆಯಲ್ಲಿ ಎದ್ದಿತು ಎನ್ನಬೇಕು. ಎರಡು ಕಥೆಗಳೂ ಅಮೆರಿಕದಲ್ಲಿ 1931ರಲ್ಲೇ ಸಿನೆಮಾ ಆಗಿದ್ದವು. ಆ ಅಮೆರಿಕದ ಡ್ರಾಕುಲ ಬೆಲಾ ಲುಗೋಸಿ ಹಂಗೇರಿಯವನು. ಅವನ ಇಂಗ್ಲಿಷು ಎಳೆದೆಳೆದು ಬರುವ ಪರದೇಶಿ ಇಂಗ್ಲಿಷು, ಅರ್ಧ ಭಯವೆಲ್ಲ ಆ ಉಚ್ಚಾರಣೆಯಲ್ಲೇ ಇತ್ತು. ಹ್ಯಾಮರಿನ ಡ್ರಾಕುಲ ಕ್ರಿಸ್ಟೋಫರ್ ಲೀ. ಅವನು ಮೆಟ್ಟಿಲಿಳಿದು ಬಂದು ಆಡುವ ಮಾತು ದೊಡ್ಡ ಮನೆತನದ ಇಂಗ್ಲಿಷ್ ಗೃಹಸ್ಥನ ಮಾತು, ಶುದ್ಧ, ಸೌಜನ್ಯದ್ದು. ಎಂದರೆ ಕೆಡುಕು ಹೊರಗಿನಿಂದ ಹಡಗು ಹತ್ತಿ ಬಂದದ್ದಲ್ಲ, ತಮ್ಮದೇ ಬಂಗಲೆಯಲ್ಲಿ ಕೂತಿದ್ದದ್ದು ಎಂದಾಯಿತು. ಕಥೆ ಹಳೆಯದು, ಪ್ರೇತದ ಮಾತು ಬದಲಾಯಿತು, ಭಯವೂ ಬದಲಾಯಿತು. ರೀಮೇಕು ಮಾಡಬೇಕಾದ ಕೆಲಸ ಇದು.

ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ‘ದ ವಿಕರ್ ಮ್ಯಾನ್’ ಉದಾಹರಣೆ. 1973ರ ಇಂಗ್ಲಿಷ್ ಚಿತ್ರದಲ್ಲಿ ದೈವಭೀರು ಕ್ರೈಸ್ತ ಪೋಲೀಸನೊಬ್ಬ ಒಂದು ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿಯ ಜನ ಹಳೆಯ ದೇವತೆಗಳನ್ನು ಪೂಜಿಸುತ್ತಾ ಸುಖವಾಗಿದ್ದಾರೆ. ಕೊನೆಗೆ ಅವನನ್ನೇ ಬಲಿ ಕೊಡುತ್ತಾರೆ. ಎರಡು ನಂಬಿಕೆಗಳು ಎದುರೆದುರು ನಿಂತದ್ದರಿಂದ ಆ ಚಿತ್ರಕ್ಕೆ ಬಲ ಬಂದಿದೆ. 2006ರ ಅಮೆರಿಕದ ರೀಮೇಕಿನಲ್ಲಿ ಪೋಲೀಸನ ಭಕ್ತಿಯನ್ನು ಬಿಟ್ಟು, ಅದರ ಜಾಗದಲ್ಲಿ ಅವನಿಗೆ ಜೇನುನೊಣದ ಅಲರ್ಜಿಯನ್ನು ಕೊಟ್ಟರು. ಹೆಚ್ಚಿಗೆ ಹೇಳಬೇಕಾದ್ದಿಲ್ಲ.

ಮೊದಲನೆಯ ಚಿತ್ರವನ್ನು ನೋಡುವಾಗಲೂ ನನಗೆ ಪೂರ್ತಿ ನೆಮ್ಮದಿಯಿರಲಿಲ್ಲವೆನ್ನಿ. ಹಳ್ಳಿಯ ಪೂಜೆಯನ್ನು ಹೊರಗಿನವನ ಕಣ್ಣಿನಿಂದ ನೋಡಿದರೆ ಅದು ಭಯಾನಕ ಕಥೆಯೇ ಆಗುತ್ತದೆ. ನಮ್ಮ ಪಾಡ್ದನಗಳನ್ನು ಶ್ರದ್ಧೆಯಿಂದ ಕೂಡಿಹಾಕಿದ ಇಂಗ್ಲಿಷ್ ವಿದ್ವಾಂಸ ಎ. ಸಿ. ಬರ್ನೆಲ್ಲರ ಸಂಗ್ರಹ ಅವರು ತೀರಿಕೊಂಡ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆ ‘ತುಳುವರ ಪಿಶಾಚಪೂಜೆ’ ಎಂದು. ಭೂತಕ್ಕೆ ಅವರು ಕೊಟ್ಟ ಇಂಗ್ಲಿಷ್ ಶಬ್ದ ‘ಡೆವಿಲ್’! ಅಜ್ಜನ ಕಾಲದಿಂದ ಮನೆ ಕಾಯುತ್ತಿರುವವರನ್ನು ಒಂದೇ ಶಬ್ದದಲ್ಲಿ ಸೈತಾನನ ಕಡೆಗೆ ಸೇರಿಸಿಬಿಟ್ಟರು. ಇದಕ್ಕಿಂತ ಕೆಟ್ಟ ರೀಮೇಕನ್ನು ನಾನು ಕಂಡಿಲ್ಲ.

ಇನ್ನು ನಮ್ಮ ಪ್ರಾಂತದ ಸಿನೆಮಾ. ಮಲೆಯಾಳದಲ್ಲಿ 1993ರಲ್ಲಿ ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ ಬಂತು. ಕಥೆ ಮಧು ಮುಟ್ಟಂ ಅವರದು. ಹಳೆಯ ಮನೆಯ ಬೀಗ ಹಾಕಿದ ಕೋಣೆಯನ್ನು ತೆರೆದ ಸೊಸೆ ಗಂಗೆ, ಆ ಮನೆಯಲ್ಲಿ ಹಿಂದೆ ಕೊಲೆಯಾದ ನರ್ತಕಿ ನಾಗವಲ್ಲಿಯೇ ತಾನೆಂದು ತಿಳಿಯುತ್ತಾಳೆ. ಆಗ ಆ ಮಲೆಯಾಳಿ ಹೆಣ್ಣಿನ ಬಾಯಿಂದ ಬರುವುದು ತಮಿಳು, ಏಕೆಂದರೆ ನಾಗವಲ್ಲಿ ತಂಜಾವೂರಿನವಳು. ಶೋಭನಾ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2004ರಲ್ಲಿ ಪಿ. ವಾಸು ಇದನ್ನು ಕನ್ನಡಕ್ಕೆ ‘ಆಪ್ತಮಿತ್ರ’ವೆಂದು ತಂದರು, ನಿರ್ಮಾಪಕರು ದ್ವಾರಕೀಶ್, ಸಂಗೀತ ನಮ್ಮ ಕರಾವಳಿಯ ಗುರುಕಿರಣ್. ಇಲ್ಲಿಯ ನಾಗವಲ್ಲಿ ತೆಲುಗಿನವಳಾದಳು. ಮರುವರ್ಷ ತಮಿಳಿನ ‘ಚಂದ್ರಮುಖಿ’ಯಲ್ಲಿಯೂ ತೆಲುಗೇ. ತಮಿಳರಿಗೆ ತಮಿಳು ಪ್ರೇತದಿಂದ ಏನು ಪ್ರಯೋಜನ? ಹಿಂದಿಯಲ್ಲಿ 2007ರಲ್ಲಿ ಪ್ರಿಯದರ್ಶನ್ ಮಾಡಿದ ‘ಭೂಲ್ ಭುಲೈಯಾ’ದಲ್ಲಿ ಅವಳು ಬಂಗಾಳಿ. ಹೀಗೆ ಪ್ರತಿಯೊಂದು ಭಾಷೆಯೂ ತನ್ನ ನೆರೆಯವಳೊಬ್ಬಳನ್ನು ಕೋಣೆಯಲ್ಲಿ ಕೂಡಿಹಾಕಿತು. ಪೂರಾ ತಿಳಿಯದ, ಪೂರಾ ತಿಳಿಯದೆಯೂ ಇರದ ಭಾಷೆ ಬೇಕು. ಪಕ್ಕದ ಮನೆಯ ಜಗಳದಂತೆ ಅರ್ಧ ಅರ್ಥವಾಗಬೇಕು. ಭಯ ಹುಟ್ಟುವುದು ಆ ಉಳಿದರ್ಧದಲ್ಲಿ.

ಇದರಿಂದಲೇ ‘ಆಪ್ತಮಿತ್ರ’ವನ್ನು ನಾನು ಕಳ್ಳಮಾಲೆನ್ನಲಾರೆ. ಅದರಲ್ಲಿ ಗಂಗೆಯಾದ ಸೌಂದರ್ಯಾ ಕನ್ನಡದ ಹೆಣ್ಣುಮಗಳು, ತೆಲುಗು ಚಿತ್ರರಂಗದಲ್ಲಿ ಮೆರೆದವರು. ಕನ್ನಡತಿಯ ಮೈಮೇಲೆ ತೆಲುಗಿನವಳು ಬರುವ ಪಾತ್ರಕ್ಕೆ ಅವರಿಗಿಂತ ತಕ್ಕವರು ಯಾರಿದ್ದರು? ಚಿತ್ರ ತೆರೆಗೆ ಬರುವ ಮೊದಲೇ, ಆ ವರ್ಷದ ಎಪ್ರಿಲಿನಲ್ಲಿ, ಅವರು ವಿಮಾನಾಪಘಾತದಲ್ಲಿ ತೀರಿಹೋದರು. ತೀರಿಹೋದವಳೊಬ್ಬಳು ತೀರಿಹೋದ ಇನ್ನೊಬ್ಬಳಾಗಿ ಕುಣಿಯುವುದನ್ನು ಜನ ಕಂಡರು. ಆ ಕುಣಿತವನ್ನು ಮೂಲದ ಜೊತೆ ತೂಗಿ ನೋಡಲು ನನಗೆ ಮನಸ್ಸಾಗುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಮೂಲದಲ್ಲಿ ಮೋಹನಲಾಲರ ವೈದ್ಯ ಕಥೆ ಅರ್ಧದಾರಿ ಸಾಗಿದ ಮೇಲೆ ನಗುತ್ತಾ ಬರುತ್ತಾನೆ. ಕನ್ನಡದಲ್ಲಿ ವಿಷ್ಣುವರ್ಧನರ ಪಾತ್ರವನ್ನು ಹಿಗ್ಗಿಸಬೇಕಾಯಿತು. ಅದಿರಲಿ. ನಡುನಡುವೆ ತಲೆ ಹಾಕುವ ಆ ಭಾರೀ ಹಾವು ಯಾಕೆ? ಕಥೆಗೂ ಅದಕ್ಕೂ ಸಂಬಂಧವಿಲ್ಲ. ನಾಗಬನಕ್ಕೆ ಹಾಲು ಒಯ್ಯುವ ನಮಗೆ ಅದರ ಬಗ್ಗೆ ಕನಿಕರವೇ ಹುಟ್ಟಿತು. ಟೀವಿಯಲ್ಲಿ ಈ ಚಿತ್ರವನ್ನು ಪೂರ್ತಿ ನೋಡಿದ ನಮ್ಮ ಅಜ್ಜಿ ಕೊನೆಗೆ ತುಳುವಿನಲ್ಲಿ ಹೇಳಿದ್ದು ಇಷ್ಟು: “ಪಾಪದ ಹೆಣ್ಣು. ಅವಳಿಗೂ ಅವಳ ಆ ಹುಡುಗನಿಗೂ ಒಂದು ಕುಲೆ ಮದುವೆ ಮಾಡಿಸಿದ್ದರೆ ಮುಗಿಯುತ್ತಿತ್ತಲ್ಲ, ಇಷ್ಟೆಲ್ಲ ಖರ್ಚು ಯಾಕೆ?”

ಅಜ್ಜಿಯ ಮಾತಿನಿಂದ ನನ್ನ ತಲೆಯಲ್ಲೊಂದು ಯೋಚನೆ ಹೊಕ್ಕಿತು. ತುಳುವಿನಲ್ಲಿ 1971ರ ‘ಎನ್ನ ತಂಗಡಿ’ಯಿಂದ ಸಿನೆಮಾಗಳು ಬರುತ್ತಿವೆ. ನಾಗವಲ್ಲಿಯನ್ನು ತುಳುವಿಗೆ ತಂದರೆ ಅವಳು ಯಾವ ಭಾಷೆ ಆಡಬೇಕು? ಮೂಡುಬಿದಿರೆಯ ಪೇಟೆಯಲ್ಲಿ ಕೊಂಕಣಿ ನಿತ್ಯ ಕಿವಿಗೆ ಬೀಳುತ್ತದೆ. ಬ್ಯಾರಿ ಭಾಷೆ ಅಡಿಕೆಯ ವ್ಯಾಪಾರಕ್ಕೂ ಮೀನಿನ ವ್ಯಾಪಾರಕ್ಕೂ ಬೇಕು. ಕಾಸರಗೋಡಿನ ನೆಂಟರು ಬಂದರೆ ಮಲೆಯಾಳ, ಶಾಲೆಗೆ ಹೋದರೆ ಕನ್ನಡ. ಇಷ್ಟು ಭಾಷೆಗಳ ನಡುವೆ ಹುಟ್ಟಿದವನನ್ನು ಹೆದರಿಸಲು ನೆರೆಯ ಭಾಷೆ ಯಾವುದೂ ಉಳಿದಿಲ್ಲವೆಂದು ಮೊದಲು ಅನಿಸಿತು.

ಆದರೆ ಈಚೆಗೆ ಮಿಜಾರಿನ ರಸ್ತೆಯಲ್ಲಿ ನಿಂತರೆ ಬೇರೆಯೇ ಕೇಳಿಸುತ್ತದೆ. ಎಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಊರೂರಿನ ಹುಡುಗರು ಬಂದಿದ್ದಾರೆ. ಅಂಗಡಿಯವರು ಹಿಂದಿ ಕಲಿತಿದ್ದಾರೆ. ಅದು ಇರಲಿ, ಮುಂಬಯಿಯಲ್ಲಿರುವ ನಮ್ಮ ಅಕ್ಕನ ಮಕ್ಕಳು ರಜೆಗೆ ಬಂದರೆ ಅಜ್ಜಿಯೊಡನೆ ಮಾತಾಡಲು ಅವರಿಗೆ ನಾನು ದುಭಾಷಿ. ಅಜ್ಜಿ ನಾಟಿಯ ಹಾಡಿನ ಒಂದು ಸೊಲ್ಲು ಗುನುಗಿದರೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ.

ಆದಕಾರಣ ನನ್ನ ರೀಮೇಕಿನಲ್ಲಿ ಅರಮನೆಯಿಲ್ಲ, ಒಂದು ಗುತ್ತಿನ ಮನೆಯುಂಟು. ಮೊಮ್ಮಕ್ಕಳು ತಾಯಿಯೊಡನೆ ಇಂಗ್ಲಿಷು, ಮೇಷ್ಟ್ರೊಡನೆ ಕನ್ನಡ ಆಡುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಸೊಸೆ ಪತ್ತಾಯದ ಹಿಂದಿನ ಕೋಣೆಯ ಬೀಗ ತೆಗೆಯುತ್ತಾಳೆ. ಆ ರಾತ್ರಿ ಅವಳ ಬಾಯಿಂದ ಪಾಡ್ದನದ ಹಳೆಯ ತುಳು ಬರುತ್ತದೆ. ಮನೆಯವರೆಲ್ಲ ನಡುಗುತ್ತಾರೆ, ಒಬ್ಬಳನ್ನು ಬಿಟ್ಟು. ಚಾವಡಿಯಲ್ಲಿ ಮಲಗಿದ್ದ ಅಜ್ಜಿ ಎದ್ದು ಕೂತು, ಬಹಳ ದಿನಗಳ ಮೇಲೆ ಮಾತಿಗೆ ಜನ ಸಿಕ್ಕಿದಂತೆ, ಅವಳಿಗೆ ಉತ್ತರ ಕೊಡುತ್ತಾಳೆ. ವೈದ್ಯನೂ ಇರಲಿ, ಮಂತ್ರವಾದಿಯೂ ಇರಲಿ. ಅವರಿಗೆ ಅನುವಾದ ಮಾಡಿ ಹೇಳಲು ಅಜ್ಜಿ ಬೇಕಾಗುತ್ತಾಳೆ. ಚಿತ್ರ ತೆಗೆಯಲು ಯಾರಾದರೂ ಮುಂದೆ ಬಂದರೆ ಕಥೆಯನ್ನು ಪುಕ್ಕಟೆ ಕೊಡುತ್ತೇನೆ. ಹಾವನ್ನು ಮಾತ್ರ ಅದರ ಪಾಡಿಗೆ ಬನದಲ್ಲಿಯೇ ಬಿಟ್ಟುಬಿಡಬೇಕು.